ಡಿಗ್ರಿ ಕಾಲೇಜಲ್ಲಿ ಮಹಿಳಾ ಅಧ್ಯಯನ ಶುರು ಮಾಡೂದು ಹೇಗೆ, ಶುರು ಮಾಡಿದ್ದು ಉಳಿಸ್ಕೊಳ್ಳೂದು ಹೇಗೆ?

ಓದುಗರೊಬ್ಬರ ಪ್ರಶ್ನೆ: "ನಾನು ಕುಮಟಾ-ಹೊನ್ನಾವರ ಕಡೆಯ ಒಂದು ಅನುದಾನಿತ ಡಿಗ್ರಿ ಕಾಲೇಜಲ್ಲಿ ಅರ್ಥಶಾಸ್ತ್ರ ಪಾಠ ಮಾಡ್ತೇನೆ. ನ್ಯಾಕ್ (ಕಾಲೇಜಿನ ಗುಣಮಟ್ಟ ನೋಡಿ ಗ್ರೇಡ್ ಕೊಡುವ ಸಂಸ್ಥೆ) ತಯಾರಿ ನಡೀತಾ ಇದೆ, ಪ್ರಿನ್ಸಿಪಾಲರು 'ಮಹಿಳಾ ಅಧ್ಯಯನ ಕೇಂದ್ರ ಅಂತ ಒಂದು ಶುರು ಮಾಡಿ, ನೀವೇ ನೋಡ್ಕೊಳ್ಳಿ' ಅಂದಿದ್ದಾರೆ. ನಂಗೆ ಆಸಕ್ತಿ ಇದೆ, ಆದ್ರೆ ನಾನು ಈ ವಿಷಯದಲ್ಲಿ ಎಂಎ ಮಾಡಿದವಳಲ್ಲ. ಆಡಳಿತ ಮಂಡಳಿಯ ಹಿರಿಯರೊಬ್ರು 'ಹೆಣ್ಮಕ್ಳಿಗೆ ಹೊಲಿಗೆ, ಬ್ಯೂಟಿಷಿಯನ್ ಕೋರ್ಸ್ ಇಡಿ, ಉಪಯೋಗ ಆಗ್ತದೆ, ಇದೆಲ್ಲ ಎಂತಕ್ಕೆ' ಅಂತಾರೆ. ಪಾಲಕರು ಕೆಲಸ ಸಿಗ್ತದಾ ಕೇಳ್ತಾರೆ, ಹುಡುಗ್ರು ನಗಾಡ್ತಾರೆ. ಕೆಲವು ವರ್ಷದ ಹಿಂದೆ ನಮ್ಮಲ್ಲೇ ಇಂಥದ್ದೊಂದು ಶುರುವಾಗಿತ್ತು, ಮಾಡ್ತಿದ್ದ ಮೇಡಂ ರಿಟೈರ್ ಆದ ಮೇಲೆ ಬೋರ್ಡ್ ಮಾತ್ರ ಉಳ್ದಿದೆ. ಡಿಗ್ರಿ ಸಬ್ಜೆಕ್ಟೇ ತರೂದಾ, ಸರ್ಟಿಫಿಕೇಟ್ ಕೋರ್ಸ್ ಸಾಕಾ, ದುಡ್ಡು ಎಲ್ಲಿಂದ ಬರ್ತದೆ? ದಯವಿಟ್ಟು ವಿವರವಾಗಿ ತಿಳಿಸಿ."

ಮೇಡಂ, ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆ ಇದ್ರೂ ಒಳಗಿನ ಹೆದರಿಕೆ ಒಂದೇ ಅಂತ ನಂಗೆ ಕಾಣ್ತದೆ: ಇದು ಪೂರ್ತಿ ನಿಮ್ಮ ತಲೆ ಮೇಲೇ ನಿಂತು, ನೀವು ಕೈಬಿಟ್ಟ ದಿನ ಮುಗಿದು ಹೋಗ್ತದಾ ಅಂತ. ಆ ಹೆದರಿಕೆ ಸರಿಯಾಗೇ ಇದೆ. ವಿಶ್ವವಿದ್ಯಾಲಯದಲ್ಲಿ ಇದೇ ವಿಷಯ ಪಾಠ ಮಾಡಿ, ಸಿಲೆಬಸ್ ಕಮಿಟಿಗಳಲ್ಲಿ ಕೂತು, ಕರಾವಳಿ ಮತ್ತು ಘಟ್ಟದ ಮೇಲಿನ ಕಾಲೇಜುಗಳಿಗೆ ಹೋಗಿ ಬಂದು ನೋಡಿದವಳಾಗಿ ಹೇಳ್ತೇನೆ, ಅರ್ಧಕ್ಕೆ ನಿಂತವು ಹೆಚ್ಚಾಗಿ ಬೋರ್ಡ್ ಮತ್ತು ಉದ್ಘಾಟನೆಯಿಂದ ಶುರುವಾದವು, ಉಳ್ಕೊಂಡವು ಟೈಮ್‌ಟೇಬಲ್‌ನಿಂದ ಶುರುವಾದವು. ಹಾಗಾಗಿ ಕೇಂದ್ರ ಆಮೇಲೆ ಆಗ್ಲಿ. ಮೊದಲು ವಾರಕ್ಕೆ ಎರಡು ಪಿರಿಯಡ್ ಟೈಮ್‌ಟೇಬಲ್‌ನಲ್ಲಿ ಬರ್ಲಿ, ಅದು ನಿಮ್ಮ ವರ್ಕ್‌ಲೋಡ್‌ನಲ್ಲಿ ಲೆಕ್ಕ ಆಗ್ಲಿ, ಇನ್ನೊಬ್ರು ಅಧ್ಯಾಪಕರ ಹೆಸರೂ ನಿಮ್ಮ ಹೆಸರಿನ ಜೊತೆ ಇರ್ಲಿ. ಈ ಮೂರನ್ನ ಪ್ರಿನ್ಸಿಪಾಲರ ಹತ್ರ ಬಾಯಿಮಾತಲ್ಲಲ್ಲ, ಬರವಣಿಗೆಯಲ್ಲಿ ತಗೊಳ್ಳಿ. ಇದಕ್ಕೆ ಒಪ್ಪಿದ್ರೆ ಮಾತ್ರ ಮುಂದಿನದ್ದಕ್ಕೆ ಕೈ ಹಾಕಿ.

ಒಂದು ಗೊಂದಲ ಮೊದಲೇ ಬಿಡಿಸ್ಕೊಳ್ಳೋಣ, ಯಾಕಂದ್ರೆ ಸುಮಾರು ಕಾಲೇಜುಗಳಲ್ಲಿ ಮೂರು ಬೇರೆ ಬೇರೆ ಸಂಗತಿ ಒಂದೇ ಫೈಲಲ್ಲಿ ಇರ್ತವೆ. ಮಹಿಳಾ ಘಟಕ ಅಂದ್ರೆ ಕಾರ್ಯಕ್ರಮ ಮಾಡುವ ಸಮಿತಿ, ಮಾರ್ಚ್ 8ಕ್ಕೆ ಭಾಷಣ, ಆರೋಗ್ಯ ತಪಾಸಣೆ, ರಂಗೋಲಿ ಸ್ಪರ್ಧೆ ಇಂಥವು. ಎರಡನೇದು ಆಂತರಿಕ ದೂರು ಸಮಿತಿ, ಅದು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಮತ್ತು 2015ರ ಯುಜಿಸಿ, ಅಂದ್ರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮದ ಪ್ರಕಾರ ಇರಲೇಬೇಕಾದ್ದು, ಅದಕ್ಕೆ ಹಿರಿಯ ಮಹಿಳೆಯೊಬ್ರು ಅಧ್ಯಕ್ಷರು, ಹೊರಗಿನ ಸದಸ್ಯರು ಒಬ್ರು, ಸದಸ್ಯರಲ್ಲಿ ಕನಿಷ್ಠ ಅರ್ಧ ಹೆಂಗಸರು, ಹೀಗೆ ಕಟ್ಟುನಿಟ್ಟಾದ ರಚನೆ ಇದೆ. ಮೂರನೇದು ಮಹಿಳಾ ಅಧ್ಯಯನ, ಇದು ಓದು, ಪಾಠ, ಸಂಶೋಧನೆ, ಪರೀಕ್ಷೆ, ಅರ್ಥಶಾಸ್ತ್ರ ಇತಿಹಾಸ ಇದ್ದ ಹಾಗೆ ಒಂದು ವಿಷಯ. ಮೂರನ್ನೂ ಒಬ್ಬರೇ ಮೇಡಂ ತಲೆಗೆ ಕಟ್ಟಿದ್ರೆ ಎಂತ ಆಗ್ತದೆ ಅಂದ್ರೆ, ಇವತ್ತು ಕ್ಲಾಸಲ್ಲಿ ಪಾಠ ಮಾಡಿದವರ ಎದುರಿಗೇ ನಾಳೆ ದೂರಿನ ವಿಚಾರಣೆ ನಡೀತದೆ, ಮಕ್ಕಳು ಕ್ಲಾಸಲ್ಲಿ ಬಾಯಿ ಬಿಡೂದೇ ಇಲ್ಲ. ದೂರು ಸಮಿತಿಯಲ್ಲಿ ನೀವು ಇದ್ರೆ ಕೋರ್ಸಿನ ಮುಖ್ಯಸ್ಥೆ ಬೇರೆಯವರಾಗ್ಲಿ ಅಂತ ಸ್ಪಷ್ಟವಾಗಿ ಹೇಳಿ. ನ್ಯಾಕ್‌ನವರು ಏಳನೇ ಮಾನದಂಡದಲ್ಲಿ ಲಿಂಗ ಸಮಾನತೆಗೆ ಕಾಲೇಜು ಎಂತ ಮಾಡಿದೆ ಅಂತ ಕೇಳ್ತಾ ಬಂದಿದ್ದಾರೆ ನಿಜ, ಆದ್ರೆ ಬರೀ ಫೋಟೋ ಆಲ್ಬಮ್‌ಗಿಂತ ಪಾಠಪಟ್ಟಿ, ಹಾಜರಿ, ಮಕ್ಕಳು ಬರೆದ ವರದಿ ತೋರಿಸಿದ ಕಾಲೇಜಿನ ಮಾತಿಗೆ ತೂಕ ಜಾಸ್ತಿ, ಇದನ್ನ ನಿಮ್ಮ ಪ್ರಿನ್ಸಿಪಾಲರಿಗೆ ಹೇಳಬಹುದು.

ಈಗ ಜನ ಹೇಳೂದರಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು ನೋಡೋಣ.

"ಈಗ ಹುಡುಗಿಯರೇ ಜಾಸ್ತಿ ಓದ್ತಾರಲ್ಲ, ಇನ್ನೆಂತಕ್ಕೆ ಮಹಿಳಾ ಅಧ್ಯಯನ" ಅನ್ನೂದು ಬಹಳ ಕೇಳ್ತೇನೆ. ಓದೂದು ನಿಜ. 2021-22ರ ಉನ್ನತ ಶಿಕ್ಷಣ ಸಮೀಕ್ಷೆ ಪ್ರಕಾರ ದೇಶದಲ್ಲಿ 4.33 ಕೋಟಿ ವಿದ್ಯಾರ್ಥಿಗಳಲ್ಲಿ 2.07 ಕೋಟಿ ಹುಡುಗಿಯರು, ಒಟ್ಟು ದಾಖಲಾತಿ ಅನುಪಾತದಲ್ಲಿ, ಅಂದ್ರೆ 18-23 ವಯಸ್ಸಿನವರ ನೂರಕ್ಕೆ ಎಷ್ಟು ದಾಖಲಾತಿ ಅನ್ನುವ ಲೆಕ್ಕದಲ್ಲಿ, ಹುಡುಗಿಯರು 28.5, ಹುಡುಗರು 28.3. ನಿಮ್ಮ ಕ್ಲಾಸಲ್ಲೂ ಹುಡುಗಿಯರೇ ಹೆಚ್ಚಿರಬಹುದು. ಆದ್ರೆ 2019ರ ಸಮಯ ಬಳಕೆ ಸಮೀಕ್ಷೆ ನೋಡಿ, ಸಂಬಳ ಇಲ್ಲದ ಮನೆಕೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ, ಗಂಡಸರು 97 ನಿಮಿಷ. ಡಿಗ್ರಿ ಮುಗಿಸಿದ ಹುಡುಗಿ ಹೋಗಿ ನಿಲ್ಲೂದು ಈ 299 ನಿಮಿಷದ ಒಳಗೆ. ಅರ್ಥಶಾಸ್ತ್ರದವರು ನೀವು, ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಇದು ಎಲ್ಲಿ ಹೋಯ್ತು ಅಂತ ಕೇಳೂದಕ್ಕೆ ನಿಮಗಿಂತ ಸರಿಯಾದವರು ಯಾರು? ಸಂಖ್ಯೆ ಸಮ ಆದ ಮೇಲೂ ಉಳಿದ ಪ್ರಶ್ನೆಗಳೇ ಈ ವಿಷಯದ ಹೊಟ್ಟೆಯೊಳಗಿನ ಪ್ರಶ್ನೆಗಳು.

"ಇದು ಹೊರದೇಶದಿಂದ ಬಂದ ವಿಚಾರ" ಅಂತ ಇನ್ನೊಂದು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1970ರಲ್ಲಿ ಮೊದಲ ಕಾರ್ಯಕ್ರಮ ಶುರುವಾಗಿದ್ದು ಹೌದು, ಆದ್ರೆ ನಮ್ಮಲ್ಲಿ ಇದು ಬಂದ ದಾರಿ ಬೇರೆ. ಕೇಂದ್ರ ಸರ್ಕಾರವೇ ನೇಮಿಸಿದ ಮಹಿಳೆಯರ ಸ್ಥಿತಿಗತಿ ಸಮಿತಿ 1974ರಲ್ಲಿ ವರದಿ ಕೊಟ್ತು, ಫುಲ್ರೇಣು ಗುಹಾ ಅಧ್ಯಕ್ಷರು, ವೀಣಾ ಮಜುಂದಾರ್ ಸದಸ್ಯ ಕಾರ್ಯದರ್ಶಿ. ಗಂಡು-ಹೆಣ್ಣಿನ ಅನುಪಾತ ಇಳೀತಾ ಇದೆ, ದುಡಿಮೆಯಲ್ಲಿ ಹೆಂಗಸರ ಪಾಲು ಕಡಿಮೆ ಆಗ್ತಾ ಇದೆ ಅಂತ ಆ ವರದಿ ಬಿಚ್ಚಿ ಹೇಳಿದಾಗ, ನಾವು ವಿಶ್ವವಿದ್ಯಾಲಯದವರು ಇಷ್ಟು ವರ್ಷ ಎಂತ ನೋಡ್ತಾ ಇದ್ವಿ ಅನ್ನುವ ಪ್ರಶ್ನೆ ಎದ್ತು. ಅದೇ ವರ್ಷ ಮುಂಬೈಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ನೀರಾ ದೇಸಾಯಿ ಅವರ ಮುಂದಾಳತ್ವದಲ್ಲಿ ಸಂಶೋಧನಾ ಘಟಕ ಶುರುವಾಯ್ತು, 1981ರಲ್ಲಿ ಅಲ್ಲೇ ಮೊದಲ ರಾಷ್ಟ್ರೀಯ ಸಮ್ಮೇಳನ, 1982ರಲ್ಲಿ ಭಾರತೀಯ ಮಹಿಳಾ ಅಧ್ಯಯನ ಸಂಘ. 1986ರ ಶಿಕ್ಷಣ ನೀತಿ ಮಹಿಳಾ ಸಮಾನತೆಗಾಗಿ ಶಿಕ್ಷಣ ಅಂತ ಒಂದು ಭಾಗವನ್ನೇ ಇಟ್ತು, ಅದರ ಬೆನ್ನಿಗೆ ಯುಜಿಸಿ ವಿಶ್ವವಿದ್ಯಾಲಯಗಳಲ್ಲಿ ಕೇಂದ್ರಗಳಿಗೆ ದುಡ್ಡು ಕೊಡಲು ಶುರು ಮಾಡ್ತು. ನಮ್ಮ ರಾಜ್ಯದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಈ ವಿಭಾಗ ಇದೆ, 2003ರಲ್ಲಿ ಶುರುವಾದ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ, ಈಗಿನ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಅಲ್ಲೂ ಇದೆ.

ಇಷ್ಟೆಲ್ಲ ಇದ್ದೂ ಯಾಕೆ ನಿಂತು ಹೋಗ್ತದೆ? ನಾನು ಕಂಡ ಕಾರಣ ಹೇಳ್ತೇನೆ. ದೊಡ್ಡ ಕೇಂದ್ರಗಳು ಪಂಚವಾರ್ಷಿಕ ಯೋಜನೆಯ ದುಡ್ಡಲ್ಲಿ ನಡೀತಿದ್ವು, 12ನೇ ಯೋಜನೆ 2017ರ ಮಾರ್ಚ್‌ಗೆ ಮುಗೀತು, ಪಂಚವಾರ್ಷಿಕ ಯೋಜನೆ ಅನ್ನುವ ಪದ್ಧತಿಯೇ ಹೋಯ್ತು, ಆಮೇಲೆ ಮುಂದಿನ ವರ್ಷದ ಅನುದಾನ ಬರ್ತದಾ ಇಲ್ವಾ ಅಂತ ಕಾಯೂದೇ ಕೆಲಸ ಆಯ್ತು. ಕಾಯಂ ಹುದ್ದೆ ಇಲ್ಲದೆ ಗುತ್ತಿಗೆ ಮೇಲೆ ಇದ್ದವರು ಬೇರೆ ಕಡೆ ಹೋದ್ರು. ಕಾಲೇಜು ಮಟ್ಟದಲ್ಲಿ ಕಾರಣ ಇನ್ನೂ ಚಿಕ್ಕದು ಆದ್ರೆ ಅಷ್ಟೇ ಗಟ್ಟಿ, ಒಬ್ಬರ ಉತ್ಸಾಹದ ಮೇಲೆ ನಡೀತದೆ, ವರ್ಕ್‌ಲೋಡ್‌ಗೆ ಸೇರೂದಿಲ್ಲ, ಇಂಗ್ಲಿಷ್ ಸಿಲೆಬಸ್ ಎಲ್ಲಿಂದಲೋ ತಂದು ಹಾಗೇ ಹಾಕಿರ್ತಾರೆ, ಮಕ್ಕಳಿಗೆ ಅದು ತಮ್ಮ ಊರಿನ ವಿಷಯ ಅಂತ ಅನಿಸೂದೇ ಇಲ್ಲ. ಇನ್ನೊಂದು ಕಾರಣ ಯಾವ ವರದಿಯಲ್ಲೂ ಬರೂದಿಲ್ಲ, ಬಸ್ಸು. ಹೆಚ್ಚುವರಿ ಕೋರ್ಸ್ ಅಂತ ಸಂಜೆ ನಾಲ್ಕರ ಮೇಲೆ ಇಡ್ತಾರೆ, ಒಳಗಿನ ಹಳ್ಳಿಗೆ ಹೋಗುವ ಬಸ್ಸು ತಪ್ಪಿದ್ರೆ ಹುಡುಗಿ ಮನೆ ಸೇರೂದು ಕತ್ತಲಾದ ಮೇಲೆ, ಎರಡು ಸಲ ಹಾಗಾದ್ರೆ ಮನೆಯಲ್ಲಿ ಕಾಲೇಜೇ ಬೇಡ ಅಂತಾರೆ. ಮಳೆಗಾಲದಲ್ಲಂತೂ ಕೇಳೂದೇ ಬೇಡ, ಘಟ್ಟದ ರಸ್ತೆ ಬಂದ್, ಹೆದ್ದಾರಿ ಬಂದ್, 2024ರ ಜುಲೈನಲ್ಲಿ ಶಿರೂರಲ್ಲಿ ಗುಡ್ಡ ಕುಸಿದಾಗ ಅಂಕೋಲಾ ಕಡೆಯ ಮಕ್ಕಳ ಪಾಡು ಎಂತ ಆಯ್ತು ನಿಮಗೆ ಗೊತ್ತಿದೆ. ಕ್ಲಾಸ್ ಮಧ್ಯಾಹ್ನದೊಳಗೇ ಮುಗೀಬೇಕು, ಇದರಲ್ಲಿ ರಾಜಿ ಮಾಡ್ಕೊಬೇಡಿ.

ಈಗ ನಿಮ್ಮ ಎದುರಿಗಿರುವ ದಾರಿಗಳು.

ಎಲ್ಲಕ್ಕಿಂತ ಸುಲಭದ್ದು, ಈಗಿರುವ ಪೇಪರ್‌ಗಳ ಒಳಗೇ ಜಾಗ ಮಾಡೂದು. ನೀವು ಅರ್ಥಶಾಸ್ತ್ರದಲ್ಲಿ ಅಸಂಘಟಿತ ವಲಯ ಪಾಠ ಮಾಡುವಾಗ, ಕನ್ನಡದವರು ಜನಪದ ಮಾಡುವಾಗ, ಇತಿಹಾಸದವರು ಸ್ವಾತಂತ್ರ್ಯ ಚಳವಳಿ ಮಾಡುವಾಗ ಉದಾಹರಣೆ, ಅಸೈನ್‌ಮೆಂಟ್ ಈ ಕಡೆ ತಿರುಗಿಸ್ಬಹುದು. ಯಾರ ಪರವಾನಗಿಯೂ ಬೇಡ. ತೊಂದರೆ ಎಂತ ಅಂದ್ರೆ ಇದು ಕಣ್ಣಿಗೆ ಕಾಣೂದಿಲ್ಲ, ಆ ಮೂವರಲ್ಲಿ ಒಬ್ಬರು ವರ್ಗ ಆದ್ರೆ ಅಲ್ಲಿಗೆ ಮುಗೀತು.

ಎರಡನೇದು 30 ಗಂಟೆಯ ಸರ್ಟಿಫಿಕೇಟ್ ಕೋರ್ಸ್. ಕಾಲೇಜು ಮಟ್ಟದಲ್ಲೇ ಮಾಡಬಹುದು, ನ್ಯಾಕ್ ಲೆಕ್ಕಕ್ಕೂ ಬರ್ತದೆ, ಸಿಲೆಬಸ್ ನಿಮ್ಮದೇ ಆದ್ದರಿಂದ ನಮ್ಮ ಉತ್ತರ ಕನ್ನಡ ಜಿಲ್ಲೆಯ ವಿಷಯ ಬೇಕಾದಷ್ಟು ಹಾಕಬಹುದು. ಆದ್ರೆ ಮಾರ್ಕ್ಸ್ ಕಾರ್ಡ್‌ಗೆ ಸೇರೂದಿಲ್ಲ, ಹಾಗಾಗಿ ಇಂಟರ್ನಲ್ ಟೆಸ್ಟ್ ಹತ್ರ ಬಂದ ಕೂಡ್ಲೆ ಹಾಜರಿ ಇಳೀತದೆ. ಒಂದು ಬ್ಯಾಚಿಗೆ 25-30 ಮಕ್ಕಳಿಗಿಂತ ಹೆಚ್ಚು ತಗೊಳ್ಬೇಡಿ, ಸಂಖ್ಯೆ ತೋರಿಸ್ಲಿಕ್ಕೆ ಇಡೀ ಕಾಲೇಜನ್ನ ಸೇರಿಸಿದ್ರೆ ಅದು ಸಭೆ ಆಗ್ತದೆ, ಕ್ಲಾಸ್ ಆಗೂದಿಲ್ಲ.

ಮೂರನೇದು ಡಿಗ್ರಿ ಒಳಗೇ ಕ್ರೆಡಿಟ್ ಇರುವ ಒಂದು ಎಲೆಕ್ಟಿವ್, ಅಂದ್ರೆ ಮಕ್ಕಳೇ ಆರಿಸ್ಕೊಳ್ಳುವ ಪೇಪರ್. ನನ್ನ ಪ್ರಕಾರ ನೀವು ಮುಟ್ಟಬೇಕಾದ ಗುರಿ ಇದು. ನಮ್ಮ ಜಿಲ್ಲೆ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದರಿಂದ ಕಾಲೇಜು ತನ್ನಷ್ಟಕ್ಕೇ ಪೇಪರ್ ಬರೆಯೂ ಹಾಗಿಲ್ಲ, ಅಧ್ಯಯನ ಮಂಡಳಿ, ಅಂದ್ರೆ ಬಿಓಎಸ್ ಒಪ್ಪಬೇಕು, ಅದಾದ ಮೇಲೆ ಅಕಾಡೆಮಿಕ್ ಕೌನ್ಸಿಲ್. ಮೊದಲು ಈಗಿರುವ ಎಲೆಕ್ಟಿವ್ ಪಟ್ಟಿಯನ್ನ ಸರಿಯಾಗಿ ಓದಿ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಕನ್ನಡದ ಒಳಗೆ ಮಹಿಳೆಗೆ ಸಂಬಂಧಪಟ್ಟ ಪೇಪರ್ ಇದ್ರೆ ಹೊಸತಕ್ಕೆ ಕಾಯಬೇಕಂತಿಲ್ಲ, ಅದನ್ನೇ ಆರಿಸ್ಕೊಳ್ಳಿ. ಅಪಾಯ ಎಂತ ಅಂದ್ರೆ ಪಠ್ಯಕ್ರಮ ಮೇಲಿಂದ ಮೇಲೆ ಬದಲಾಗ್ತಾ ಇದೆ, 2021-22ರಲ್ಲಿ ನಾಲ್ಕು ವರ್ಷದ ಪದ್ಧತಿ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ ಆಯ್ತು, ಪ್ರತಿ ಬದಲಾವಣೆಯಲ್ಲೂ ಮೊದಲು ಬಿದ್ದು ಹೋಗೂದು ಎಲೆಕ್ಟಿವ್‌ಗಳೇ. ಅದಕ್ಕೇ ಸಿಲೆಬಸ್ ಬದಲಾಗುವ ವರ್ಷ ಬಿಓಎಸ್‌ಗೆ ಪತ್ರ ಬರೆಯುವವರು ಬೇಕು, ಸುಮ್ನೆ ಕೂತ್ರೆ ಯಾರೂ ನೆನಪು ಮಾಡ್ಕೊಳ್ಳೂದಿಲ್ಲ.

ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನ ಆನ್‌ಲೈನ್ ಕೋರ್ಸ್ ಮಾಡಿಸೂದು ಇನ್ನೊಂದು ದಾರಿ. ಯುಜಿಸಿ 2021ರ ನಿಯಮದಲ್ಲಿ ಒಂದು ಸೆಮಿಸ್ಟರ್‌ನ 40 ಶೇಕಡಾ ಕೋರ್ಸ್ ತನಕ ಅಲ್ಲಿಂದ ತಗೊಳ್ಬಹುದು ಅಂತ ಇದೆ, ವಿಶ್ವವಿದ್ಯಾಲಯ ಒಪ್ಪಬೇಕು ಅಷ್ಟೇ. ಆದ್ರೆ ಹೆಚ್ಚಿನವು ಇಂಗ್ಲಿಷ್‌ನಲ್ಲಿ, ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಎರಡನೇ ವಾರಕ್ಕೇ ಬಿಡ್ತಾರೆ, ನೆಟ್‌ವರ್ಕ್ ಸಮಸ್ಯೆ ಬೇರೆ. ಅದನ್ನ ನೀವು, ನಿಮ್ಮ ಜೊತೆಗಿನ ಅಧ್ಯಾಪಕರು ತಯಾರಿಗೆ ಬಳಸ್ಕೊಳ್ಳಿ, ಮಕ್ಕಳ ಮೇಲೆ ಹೇರಬೇಡಿ.

ಇನ್ನು ಬಿಎಗೆ ಪೂರ್ತಿ ಒಂದು ಸಬ್ಜೆಕ್ಟ್ ತರೂದು. ಇದಕ್ಕೆ ಹೊಸ ಕೋರ್ಸ್ ಸಂಯೋಜನೆ ಅಂತ ಅರ್ಜಿ, ಸ್ಥಳೀಯ ವಿಚಾರಣಾ ಸಮಿತಿ ಬಂದು ಕಟ್ಟಡ, ಲೈಬ್ರರಿ, ಸಿಬ್ಬಂದಿ ನೋಡೂದು, ಫೀ, ಸರ್ಕಾರದ ಮಟ್ಟದ ಒಪ್ಪಿಗೆ ಎಲ್ಲ ಇದೆ. ಅನುದಾನಿತ ಕಾಲೇಜಲ್ಲಿ ಹೊಸ ಸಬ್ಜೆಕ್ಟಿಗೆ ಅನುದಾನಿತ ಹುದ್ದೆ ಸಿಗೂದು ಬಹಳ ಕಷ್ಟ, ಆಡಳಿತ ಮಂಡಳಿಯೇ ಸಂಬಳ ಕೊಡಬೇಕು, ಹತ್ತು ಮಕ್ಕಳೂ ಸೇರದಿದ್ರೆ ಮೂರನೇ ವರ್ಷಕ್ಕೆ ಮುಚ್ತಾರೆ, ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡ ಮಕ್ಕಳ ಗತಿ ಎಂತ? ಈಗ ಬೇಡ ಮೇಡಂ. ಮೊದಲ ವರ್ಷ ಮೊದಲನೇದು ಎರಡನೇದು ಸೇರಿಸಿ ಮಾಡಿ, ಆ ಅನುಭವ ಇಟ್ಕೊಂಡು ಎರಡನೇ ವರ್ಷ ಎಲೆಕ್ಟಿವ್‌ಗೆ ಹೋಗಿ.

ಪಾಠ ಎಂತ ಮಾಡೂದು ಅನ್ನುವ ವಿಷಯಕ್ಕೆ ಬರ್ತೇನೆ, ನಂಗೆ ಎಲ್ಲಕ್ಕಿಂತ ಹೆಚ್ಚು ಹೇಳ್ಬೇಕಾದ್ದು ಇಲ್ಲೇ ಇದೆ. ಮೊದಲ ದಿನವೇ ಸಿದ್ಧಾಂತ, ಪಂಥ, ಅಲೆ ಅಂತ ಹಿಡ್ಕೊಳ್ಬೇಡಿ. ನಮ್ಮ ಜಿಲ್ಲೆ ತುಂಬ ಹೆಂಗಸರ ದುಡಿಮೆ ಕಣ್ಣೆದುರಿಗೇ ಇದೆ, ಅಲ್ಲಿಂದ ಶುರು ಮಾಡಿ.

ನಿಮ್ಮ ಹತ್ರವೇ ಹೊನ್ನಾವರದ ಕಾಸರಕೋಡ ಟೊಂಕ ಇದೆಯಲ್ಲ, ಅಲ್ಲಿ ಮೀನು ಒಣಗಿಸುವ ಹೆಂಗಸರ ಹತ್ರ ಮಕ್ಕಳನ್ನ ಕರ್ಕೊಂಡು ಹೋಗಿ. ದಕ್ಕೆಯಲ್ಲಿ ಮೀನು ಕೊಳ್ಳೂದು, ತೊಳೆದು ಉಪ್ಪು ಹಾಕೂದು, ದಂಡೆ ಮೇಲೆ ಹರವೂದು, ಮಗುಚಿ ಹಾಕೂದು, ಕಾಗೆ ನಾಯಿ ಕಾಯೂದು, ಮೋಡ ಕಂಡ ಕೂಡ್ಲೆ ಓಡಿ ಬಂದು ಎಲ್ಲ ಎತ್ತಿಡೂದು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯೂ ಹಾಗಿಲ್ಲ, ಆ ಹೊತ್ತಲ್ಲಿ ಎಷ್ಟೋ ಮನೆ ನಡೆಯೂದು ಈ ಒಣಮೀನಿನ ದುಡ್ಡಿಂದ. ಮಕ್ಕಳಿಗೆ ಹೇಳಿ, ಒಬ್ಬ ಹೆಂಗಸಿನ ಜೊತೆ ಕೂತು ಖರ್ಚಿನ ಲೆಕ್ಕ ಬರೀರಿ ಅಂತ. ಮೀನಿನ ರೇಟು ಹೇಳ್ತಾರೆ, ಉಪ್ಪಿನ ಚೀಲದ ರೇಟು, ಟೆಂಪೋ ಬಾಡಿಗೆ, ಸಾಲ ತಂದಿದ್ರೆ ಬಡ್ಡಿ, ಎಲ್ಲ ಬಾಯಲ್ಲೇ ಇರ್ತದೆ, ಪೈಸೆ ತಪ್ಪೂದಿಲ್ಲ. ಕೊನೆಗೆ 'ನಿಮ್ಮ ಕೂಲಿ ಎಷ್ಟು ಹಾಕೂದು' ಅಂತ ಕೇಳಿ ನೋಡ್ಲಿ. ಆ ಸಾಲಿಗೆ ಬರೀಲಿಕ್ಕೆ ಹೆಚ್ಚಿನವರ ಹತ್ರ ಅಂಕಿಯೇ ಇರೂದಿಲ್ಲ, ಮನೆ ಕೆಲಸಕ್ಕೆಂತ ಕೂಲಿ ಅಂತಾರೆ. ಆಮೇಲೆ ಕ್ಲಾಸಿಗೆ ಬಂದು ಆ 299 ನಿಮಿಷದ ಅಂಕಿ ತೋರಿಸಿ, ಆಗ ಅದು ಮಕ್ಕಳಿಗೆ ಅರ್ಥ ಆಗ್ತದೆ. ಅದೇ ಟೊಂಕದಲ್ಲಿ ಖಾಸಗಿ ಬಂದರು ಬೇಡ ಅಂತ ನಡೆದ ಹೋರಾಟದಲ್ಲಿ ಹೆಂಗಸರು ಮುಂದೆ ನಿಂತಿದ್ದು ಯಾಕೆ ಅನ್ನೂದೂ ಗೊತ್ತಾಗ್ತದೆ, ಮೀನು ಹರವುವ ದಂಡೆ ಯಾರ ಹೆಸರಲ್ಲೂ ಇಲ್ಲ, ಆದ್ರೆ ಅದು ಹೋದ್ರೆ ಇವರ ಅಂಗಡಿಯೇ ಹೋದ ಹಾಗೆ.

ಘಟ್ಟದ ಮೇಲಿನ ಮಕ್ಕಳಿದ್ರೆ ಅಡಿಕೆ ಸುಲಿಯೂದು. ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಕಡೆ ಕೊಯ್ಲಿನ ಹೊತ್ತಲ್ಲಿ ಮೆಟ್ಟುಗತ್ತಿ ಎದುರು ರಾತ್ರಿ ತನಕ ಕೂತು ಸುಲಿಯುವವರಲ್ಲಿ ಹೆಂಗಸರೇ ಜಾಸ್ತಿ, ಕೂಲಿ ಅಳತೆ ಲೆಕ್ಕದಲ್ಲಿ. ತೋಟದ ಮನೆಯ ಹೆಂಗಸು ಸುಲಿದ್ರೆ ಕೂಲಿ ಇಲ್ಲ, ಅದೇ ಅಂಗಳದಲ್ಲಿ ಪಕ್ಕಕ್ಕೆ ಕೂತ ಕೂಲಿಯವಳಿಗೆ ಅಳತೆಯ ದುಡ್ಡು. ಇಬ್ಬರ ಬೆರಳೂ ಕಪ್ಪು. ಇಬ್ಬರಲ್ಲಿ ಯಾರಿಗೆ ಎಂತ ಇದೆ, ಎಂತ ಇಲ್ಲ, ಜಾತಿ ಎಲ್ಲಿ ಬಂತು, ಆಸ್ತಿ ಎಲ್ಲಿ ಬಂತು, ಸೊಸೈಟಿಯ ಸದಸ್ಯತ್ವ ಯಾರ ಹೆಸರಲ್ಲಿದೆ, ಅಡಿಕೆ ಮಾರಿದ ದುಡ್ಡು ಯಾರ ಖಾತೆಗೆ ಜಮಾ ಆಗ್ತದೆ? ಹೆಂಗಸರು ಅಂದ್ರೆ ಎಲ್ಲ ಒಂದೇ ಅಲ್ಲ ಅನ್ನೂದನ್ನ ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಿಕೊಡೂದಿಲ್ಲ.

ಇನ್ನೊಂದು ಅಸೈನ್‌ಮೆಂಟ್ ಪಹಣಿ ತೆಗೆಸೂದು. ಪ್ರತಿಯೊಬ್ರೂ ತಮ್ಮ ಮನೆಯ ಪಹಣಿ ತಂದು, ಅದರಲ್ಲಿ ಎಷ್ಟು ಹೆಂಗಸರ ಹೆಸರಿದೆ, ಇದ್ರೆ ಗಂಡ ತೀರಿಕೊಂಡ ಮೇಲೆ ಬಂದಿದ್ದಾ ಅಂತ ನೋಡ್ಲಿ. ಭೂಮಿ ಇಲ್ಲದ ಮನೆಯ ಮಕ್ಕಳಿಗೆ ಮುಜುಗರ ಆಗ್ಬಾರ್ದು, ಅವರಿಗೆ ಮನೆಯ ಜಾಗದ ಕಾಗದ, ರೇಷನ್ ಕಾರ್ಡ್ ಸಾಕು. ಅಲ್ಲಿಂದ ಕಾನೂನಿಗೆ ಬನ್ನಿ. 1974ರ ಭೂಸುಧಾರಣೆ ತಿದ್ದುಪಡಿಯಿಂದ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಗೇಣಿದಾರರು ಒಡೆಯರಾದ್ರು, ಆ ಕಾಗದಗಳಲ್ಲಿ ಹೆಂಗಸರ ಹೆಸರು ಎಷ್ಟಿದೆ ಹುಡುಕ್ಲಿ. ಕರ್ನಾಟಕದಲ್ಲಿ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಮಕ್ಳಿಗೆ ಹಕ್ಕು ಕೊಡುವ ತಿದ್ದುಪಡಿ ಬಂತು, ದೇಶಕ್ಕೆ ಬಂದಿದ್ದು 2005ರಲ್ಲಿ, ತಂದೆ ಆಗ ಬದುಕಿರಲೇಬೇಕು ಅಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳ್ತು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಂತೂ ಮದುವೆ ಆದವರಿಗೆ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಜಂಟಿಯಾಗಿ ಕೊಡಬೇಕು ಅಂತಲೇ ಇದೆ. ಅರಣ್ಯ ಭೂಮಿ ಅತಿಕ್ರಮಣದ ಅರ್ಜಿ ಹಿಡ್ಕೊಂಡು ವರ್ಷಗಟ್ಟಲೆ ಓಡಾಡಿದ ಮನೆಗಳ ಮಕ್ಕಳೇ ನಿಮ್ಮ ಕ್ಲಾಸಲ್ಲಿ ಇರ್ತಾರೆ, ಎಷ್ಟೋ ಜನರಿಗೆ ಈ ಜಂಟಿ ಹೆಸರಿನ ಸಂಗತಿ ಗೊತ್ತೇ ಇರೂದಿಲ್ಲ.

ಇತಿಹಾಸಕ್ಕೂ ಹೊರಗೆ ಹೋಗೂದು ಬೇಡ. ಸ್ವಾತಂತ್ರ್ಯ ಚಳವಳಿಯ ಹೊತ್ತಿನ ಸಿದ್ದಾಪುರದ ಕರನಿರಾಕರಣೆಯಲ್ಲಿ ಜಪ್ತಿಯಾದ ಆಸ್ತಿ ಕೊಂಡವರ ಮನೆ ಮುಂದೆ ಕೂತು ಸತ್ಯಾಗ್ರಹ ಮಾಡಿದ ಹೆಂಗಸರು, 1983ರಲ್ಲಿ ಸಾಲ್ಕಣಿ ಕಾಡಲ್ಲಿ ಶುರುವಾದ, ಮರ ಅಪ್ಪಿಕೊಂಡು ಕಡಿಯದ ಹಾಗೆ ತಡೆದ ಅಪ್ಪಿಕೋ ಚಳವಳಿ, ಹಾಲಕ್ಕಿ ಸಮುದಾಯದ ಹಾಡುಗಳ ಭಂಡಾರವೇ ಆಗಿದ್ದು ಊರಲ್ಲಿ ಸಾರಾಯಿ ವಿರುದ್ಧವೂ ನಿಂತ ಅಂಕೋಲಾ ಬಡಿಗೇರಿಯ ಸುಕ್ರಜ್ಜಿ, ಅಂದ್ರೆ ಸುಕ್ರಿ ಬೊಮ್ಮಗೌಡ, ಸಾವಿರಾರು ಗಿಡ ನೆಟ್ಟು ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡ. ಇಬ್ಬರಿಗೂ ಪದ್ಮಶ್ರೀ ಬಂತು, ಇಬ್ಬರೂ ಈಗ ಇಲ್ಲ. ಕಾರವಾರದ ಕಡೆ ಸೀಬರ್ಡ್ ನೌಕಾನೆಲೆ, ಕೈಗಾ ಅಣುಸ್ಥಾವರ, ಕಾಳಿ ನದಿಯ ಅಣೆಕಟ್ಟುಗಳಿಂದ ಎದ್ದು ಹೋದ ಮನೆಗಳಲ್ಲಿ ಪರಿಹಾರದ ದುಡ್ಡು ಯಾರ ಕೈಗೆ ಬಂತು, ಹೊಸ ಕಾಲೊನಿಯಲ್ಲಿ ಹೆಂಗಸರು ಎಂತ ಕೆಲಸ ಹಿಡಿದ್ರು ಅನ್ನೂದು ದೊಡ್ಡ ಸಂಶೋಧನೆಯ ವಿಷಯ. ಭಟ್ಕಳದಲ್ಲಿ ಗಂಡ ಗಲ್ಫಲ್ಲಿ, ಮನೆ ವ್ಯವಹಾರ ಪೂರ್ತಿ ಹೆಂಡತಿ ಕೈಯಲ್ಲಿ, ಅದೂ ಒಂದು. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಉಚಿತ ಆದ ಮೇಲೆ ಹುಡುಗಿಯರು ದೂರದ ಕಾಲೇಜು ಆರಿಸ್ಕೊಂಡ್ರಾ ಅಂತ ನಿಮ್ಮ ಮಕ್ಕಳೇ ಸರ್ವೇ ಮಾಡಬಹುದು.

ಒಂದು ವಿಷಯದಲ್ಲಿ ಮಾತ್ರ ಬಿಗಿಯಾಗಿ ಇರಿ. ಕ್ಷೇತ್ರ ಕಾರ್ಯ ಅಂದ್ರೆ ಮೊಬೈಲ್ ಹಿಡ್ಕೊಂಡು ಹೋಗಿ ಫೋಟೋ ತೆಗೆಯೂದಲ್ಲ. ಮೊದಲು ಕೇಳಬೇಕು, ಅವರ ಹೆಸರು ವರದಿಯಲ್ಲಿ ಬರಬಾರ್ದು, ಅವರ ದುಡಿಯುವ ಹೊತ್ತು ಹಾಳು ಮಾಡಬಾರ್ದು. ಹಾಲಕ್ಕಿ, ಸಿದ್ದಿ, ಕುಣಬಿ, ಗೌಳಿ ಮನೆಯ ಹುಡುಗಿಯರು ಕ್ಲಾಸಲ್ಲಿದ್ರೆ ಅವರನ್ನ ಉದಾಹರಣೆಯಾಗಿ ಎದ್ದು ನಿಲ್ಲಿಸ್ಬೇಡಿ, ಕಾರ್ಯಕ್ರಮಕ್ಕೆ ಮಣಿಸರ ಹಾಕಿಸಿ ವೇದಿಕೆಗೆ ತರೂದಂತೂ ಬೇಡವೇ ಬೇಡ, ನಂಗೆ ಅದನ್ನ ನೋಡಿದಾಗೆಲ್ಲ ಸಂಕಟ ಆಗ್ತದೆ. ಅವರೂ ಬೇರೆಯವರ ಹಾಗೆ ಪ್ರಶ್ನೆ ಕೇಳುವವರು, ಸರ್ವೇ ಮಾಡುವವರು ಆಗ್ಲಿ.

ಕ್ಲಾಸಲ್ಲಿ ಹಿಂಸೆಯ ಮಾತು ಬಂದ ದಿನ ಒಂದಿಬ್ರು ಹುಡುಗಿಯರು ಆಮೇಲೆ ನಿಮ್ಮ ಹತ್ರ ಬರ್ತಾರೆ, ಇದು ಹೆಚ್ಚು ಕಡಿಮೆ ಖಚಿತ. ಕೇಳಿಸ್ಕೊಳ್ಳಿ, ನಂಬಿ, ಆದ್ರೆ ನೀವೇ ಸಮಾಲೋಚಕಿ ಆಗ್ಲಿಕ್ಕೆ ಹೋಗ್ಬೇಡಿ, ಆ ಮನೆಗೆ ಒಬ್ಬರೇ ಹೋಗಿ ಮಾತಾಡೂದೂ ಬೇಡ, ಹುಡುಗಿಗೇ ಅಪಾಯ ಆಗಬಹುದು. ಮಹಿಳಾ ಸಹಾಯವಾಣಿ 181, 18ರ ಒಳಗಿನವರಿಗೆ 1098, ತುರ್ತಿಗೆ 112, ಜಿಲ್ಲೆಗೊಂದು ಸಖಿ ಒನ್ ಸ್ಟಾಪ್ ಸೆಂಟರ್ ಅಂತ ಸರ್ಕಾರದ ಯೋಜನೆ ಇದೆ, 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಕೆಳಗೆ ಸಂರಕ್ಷಣಾಧಿಕಾರಿ ಇರ್ತಾರೆ. ಕೋರ್ಸ್ ಶುರುವಾಗುವ ಮೊದಲೇ ಅಲ್ಲಿ ಹೋಗಿ ಪರಿಚಯ ಮಾಡ್ಕೊಂಡು ಬನ್ನಿ.

ಪಾಲಕರ ಪ್ರಶ್ನೆ, ಕೆಲಸ ಸಿಗ್ತದಾ. ನೇರವಾಗಿ ಹೇಳಿ, ಇದೊಂದೇ ಪೇಪರಿಂದ ಕೆಲಸ ಸಿಗೂದಿಲ್ಲ, ಹಾಗೆ ಒಂದೇ ಪೇಪರಿಂದ ಯಾವುದರಲ್ಲೂ ಸಿಗೂದಿಲ್ಲ. ಬರೀ ಮಹಿಳಾ ಅಧ್ಯಯನದ ಎಂಎ ಮಾಡಿದವರಿಗೆ ಅಧ್ಯಾಪಕ ಹುದ್ದೆ ಕಡಿಮೆ, ಯುಜಿಸಿ ನೆಟ್‌ನಲ್ಲಿ ಈ ವಿಷಯ ಇದ್ದರೂ ಹುದ್ದೆ ಕರೆಯೂದು ಅಪರೂಪ, ಇದನ್ನ ಮುಚ್ಚಿಡ್ಬೇಡಿ. ಆದ್ರೆ ಸಮಾಜಕಾರ್ಯ, ಕಾನೂನು, ಅರ್ಥಶಾಸ್ತ್ರ, ಪತ್ರಿಕೋದ್ಯಮದ ಜೊತೆ ಇದು ಸೇರಿದ್ರೆ ಮಹಿಳಾ ಮತ್ತು ಮಕ್ಕಳ ಇಲಾಖೆ, ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಗಳು, ನೊಂದ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರ, ಎನ್‌ಜಿಓ ಕೆಲಸಕ್ಕೆ ಹೋದವರಿಗೆ ಬಹಳ ಉಪಯೋಗ ಆಗಿದ್ದನ್ನ ನಾನು ನೋಡಿದ್ದೇನೆ. ಸರ್ವೇ ಮಾಡ್ಲಿಕ್ಕೆ, ವರದಿ ಬರೀಲಿಕ್ಕೆ, ಅಪರಿಚಿತರ ಹತ್ರ ಮಾತಾಡ್ಲಿಕ್ಕೆ ಬಂದ್ರೆ ಯಾವ ಕೆಲಸದಲ್ಲೂ ಬೆಲೆ ಇದೆ.

ಹಿರಿಯರು ಹೇಳಿದ ಹೊಲಿಗೆ ಕ್ಲಾಸಿನ ವಿಷಯ. ಅವರ ಜೊತೆ ಜಗಳ ಬೇಡ, ಹೆಣ್ಮಕ್ಳ ಕೈಯಲ್ಲಿ ನಾಲ್ಕು ಕಾಸು ಇರ್ಲಿ ಅಂತ ಅವರು ಹೇಳೂದು ಕೆಟ್ಟ ಮಾತಲ್ಲ. ಹೊಲಿಗೆ ಬೇರೆ ಇಡೋಣ, ಅದು ಕೌಶಲದ ತರಬೇತಿ, ಇದು ಪಾಠ, ಎರಡಕ್ಕೂ ಬೇರೆ ಜಾಗ ಇದೆ ಅನ್ನಿ. ಮತ್ತೆ ಮಕ್ಕಳ ಮೊದಲ ವರದಿ ಬಂದಾಗ ಅವರನ್ನೇ ಕರೆದು ಕೂರಿಸಿ, ಅಡಿಕೆ ಲೆಕ್ಕ, ಒಣಮೀನಿನ ಲೆಕ್ಕ ಮಕ್ಕಳ ಬಾಯಲ್ಲಿ ಕೇಳಿದ್ರೆ ನಮ್ಮ ಕಡೆಯ ಹಿರಿಯರಿಗೆ ಅದು ತಮ್ಮ ಮನೆಯದ್ದೇ ಲೆಕ್ಕ ಅಂತ ತಿಳೀತದೆ.

ಹುಡುಗ್ರು ನಗಾಡೂದು ಮೊದಲ ಮೂರು ನಾಲ್ಕು ವಾರ ಇರ್ತದೆ. ಕೋರ್ಸ್ ಹುಡುಗಿಯರಿಗೆ ಮಾತ್ರ ಅಂತ ಮಾಡಿದ್ರೆ ಆ ನಗು ಕಾಯಂ ಆಗ್ತದೆ, ಆದ್ದರಿಂದ ಇಬ್ಬರಿಗೂ ತೆರೆದಿಡಿ. ಹುಡುಗ್ರಿಗೆ ಭಾಷಣ ಕೊಡ್ಬೇಡಿ, ಒಂದು ವಾರ ತಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದವರು ಯಾರು, ಕೊನೆಗೆ ಮಲಗಿದವರು ಯಾರು, ಮಧ್ಯೆ ಎಂತೆಂತ ಮಾಡಿದ್ರು ಅಂತ ಗಂಟೆ ಪ್ರಕಾರ ಬರ್ಕೊಂಡು ಬರ್ಲಿ. ಕಡಲಿಗೆ ಹೋಗುವ ಮನೆಯ ಹುಡುಗ ಅಪ್ಪನ ಗಂಟೆಗಳನ್ನೂ ಬರೀತಾನೆ, ಅದೂ ಬೇಕು, ಗಂಡಸರ ದುಡಿಮೆಯ ಅಪಾಯ, ಕುಡಿತ, ಮದುವೆಯ ಒತ್ತಡ ಇವೆಲ್ಲ ಈ ವಿಷಯದ ಒಳಗೇ ಬರ್ತವೆ.

ನಿಮ್ಮ ಅರ್ಹತೆ ಬಗ್ಗೆ ಚಿಂತೆ ಬಿಡಿ. ಈ ವಿಷಯವನ್ನ ನಮ್ಮ ದೇಶದಲ್ಲಿ ಕಟ್ಟಿದವರೇ ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಇತಿಹಾಸದಿಂದ ಬಂದವರು. ಮಾಳವೀಯ ಮಿಷನ್ ತರಬೇತಿ ಕೇಂದ್ರಗಳಲ್ಲಿ, ಅಂದ್ರೆ ಮೊದಲಿನ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳಲ್ಲಿ, ಈ ವಿಷಯದ ರಿಫ್ರೆಶರ್ ಕರೆದಾಗ ಹೋಗಿ ಬನ್ನಿ, ಬಡ್ತಿಗೂ ಲೆಕ್ಕಕ್ಕೆ ಬರ್ತದೆ. ಕನ್ನಡದ ಪುಸ್ತಕಕ್ಕೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗದ ಪಟ್ಟಿ ತರಿಸಿ, ಲೈಬ್ರರಿಯ ಮಾಮೂಲಿ ಬಜೆಟ್‌ನಲ್ಲೇ ಒಂದು ಕಪಾಟು ಆಗ್ತದೆ.

ದುಡ್ಡು ಅಂದ್ರೆ ನಿಜ ಹೇಳ್ಬೇಕಂದ್ರೆ ನಾನು ಹೇಳಿದ ಹಾಗೆ ಶುರು ಮಾಡಿದ್ರೆ ಹೆಚ್ಚು ಬೇಡ. ವರ್ಷಕ್ಕೆ ಎರಡು ಸಲ ಬಸ್ಸಿನ ಬಾಡಿಗೆ, ವಕೀಲರು ಅಥವಾ ಆರೋಗ್ಯ ಇಲಾಖೆಯವರು ಬಂದು ಮಾತಾಡಿದ್ರೆ ಗೌರವಧನ, ವರದಿ ಬೈಂಡಿಂಗ್. ಕಾಸರಕೋಡದ ಹೆಂಗಸನ್ನೋ ಅಂಗನವಾಡಿ ಕಾರ್ಯಕರ್ತೆಯನ್ನೋ ಕ್ಲಾಸಿಗೆ ಕರೆಸಿದ್ರೆ ಅವರಿಗೂ ಅತಿಥಿ ಉಪನ್ಯಾಸಕರಷ್ಟೇ ಗೌರವಧನ ಕೊಡಿ, ಅವತ್ತಿನ ದುಡಿಮೆ ಬಿಟ್ಟು ಬಂದಿರ್ತಾರೆ. ಹೊರಗಿನ ಪ್ರಾಜೆಕ್ಟ್ ದುಡ್ಡು ಬಂದ್ರೆ ಸಂತೋಷ, ಸಂಶೋಧನೆಗೆ ಬಳಸಿ, ಆದ್ರೆ ಪಾಠ ಮಾಡುವವರ ಸಂಬಳ ಅದರ ಮೇಲೆ ನಿಲ್ಲಿಸ್ಬೇಡಿ.

ಈ ತಿಂಗಳು ಮಾಡಬೇಕಾದ್ದು ಇಷ್ಟೇ: ಕನ್ನಡ ಅಥವಾ ಇತಿಹಾಸ ವಿಭಾಗದಿಂದ ಜೊತೆಗೊಬ್ಬರನ್ನ ಹುಡುಕಿ, ಸಾಧ್ಯ ಆದ್ರೆ ರಿಟೈರ್‌ಮೆಂಟ್‌ಗೆ ಇನ್ನೂ ಹದಿನೈದು ವರ್ಷ ಇರುವವರನ್ನ, ಗಂಡಸರಾದ್ರೂ ಅಡ್ಡಿಲ್ಲ. 30 ಗಂಟೆಯ ಪಾಠಪಟ್ಟಿ ಬರ್ದು ಕಾಲೇಜಿನ ಸಭೆಯ ನಡಾವಳಿಯಲ್ಲಿ ದಾಖಲು ಮಾಡಿಸಿ. ರಿಟೈರ್ ಆದ ಆ ಮೇಡಂ ಊರಲ್ಲೇ ಇದ್ರೆ ಹೋಗಿ ಭೇಟಿ ಮಾಡಿ, ಹಳೇ ಫೈಲು, ಮಕ್ಕಳ ವರದಿ ಅವರ ಮನೆಯಲ್ಲೇ ಇರೂದು ಹೆಚ್ಚು. ಬಿಓಎಸ್‌ಗೆ ಎಲೆಕ್ಟಿವ್ ಕೇಳಿ ಪತ್ರ ಬರೆಯುವಾಗ ಅವನ್ನ, ನಿಮ್ಮ ಮೊದಲ ಬ್ಯಾಚಿನ ಹಾಜರಿ ಮತ್ತು ನಾಲ್ಕೈದು ಒಳ್ಳೆ ವರದಿಗಳ ಪ್ರತಿಯನ್ನ ಜೊತೆಗಿಡಿ, ಸಾಧ್ಯ ಆದ್ರೆ ಪಕ್ಕದ ತಾಲೂಕಿನ ಇನ್ನೆರಡು ಕಾಲೇಜಿನವರ ಸಹಿಯೂ ಇರ್ಲಿ, ಒಂದೇ ಕಾಲೇಜು ಕೇಳಿದ್ರೆ ಪಕ್ಕಕ್ಕಿಡ್ತಾರೆ, ಮೂರು ಕಾಲೇಜು ಕೇಳಿದ್ರೆ ಸಭೆಯ ಅಜೆಂಡಾಕ್ಕೆ ಬರ್ತದೆ.